ಹದಿನಾಲ್ಕನೆಯ ಊರಿನ ತಪ್ಪು

ಆ ದಿನಗಳಲ್ಲಿ ನನಗೆ ಸಂಬಳ ಬರುತ್ತಿದ್ದದ್ದು ತಪ್ಪು ಹುಡುಕುವುದಕ್ಕೆ. ಬೇರೆಯವರು ಬರೆದ ಸಾಫ್ಟ್‌ವೇರನ್ನು ಹಿಂದೆ ಮುಂದೆ ತಿರುವಿ, ಎಲ್ಲಿ ಕೈಕೊಡುತ್ತದೆ ಎಂದು ಪಟ್ಟಿ ಮಾಡಿ ಕಳಿಸುವ ಕೆಲಸ. ಹೈದರಾಬಾದಿನ ಆ ಗಾಜಿನ ಕಟ್ಟಡದಲ್ಲಿ ನನ್ನಷ್ಟು ಚೆನ್ನಾಗಿ ತಪ್ಪು ಹುಡುಕುವವರು ಇನ್ನೊಬ್ಬರಿಲ್ಲ ಎಂಬ ಸಣ್ಣ ಜಂಬವೂ ನನಗಿತ್ತು. ನಮ್ಮತ್ತೆಯ ಜೊತೆ ಹೊಲ ನೋಡಲು ಹೊರಟ ಮೇಲೆ ಆ ಜಂಬ ಇಳಿಯಿತು.

ಹೊಲದ ಆಸೆ ಮೊದಲಿಗೆ ನನ್ನದೇ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ಮಣ್ಣು ಮುಟ್ಟಿದ್ದು ಅಂಗಳದ ತುಳಸಿಕಟ್ಟೆಯಲ್ಲಿ ಮಾತ್ರ. ಆದರೂ ಮದುವೆಯಾದ ಹೊಸದರಲ್ಲಿ, ಎರಡು ಎಕರೆ ಹೊಲ, ನಾಲ್ಕು ಕೋಳಿ, ಒಂದು ಹಸು, ಇಷ್ಟಿದ್ದರೆ ಸಾಕು ಎಂದು ನಮ್ಮವರ ಕಿವಿ ಕಚ್ಚುತ್ತಿದ್ದೆ. ನಾವಿದ್ದದ್ದು ಹೈದರಾಬಾದಿನ ಅಂಚಿನ ಮಣಿಕೊಂಡದಲ್ಲಿ, ನಾಲ್ಕನೆಯ ಮಹಡಿಯಲ್ಲಿ. ಸುತ್ತ ಬಂಡೆ ಒಡೆಯುವ ಸದ್ದು. ಒಂದು ಬಂಡೆ ಕರಗಿದ ಕಡೆ ಆರು ತಿಂಗಳಲ್ಲಿ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಎಲ್ಲರೂ ಹೈದರಾಬಾದಿಗೆ ನುಗ್ಗಿ ಬರುತ್ತಿದ್ದ ಕಾಲದಲ್ಲಿ ನನ್ನ ಮನಸ್ಸು ಮಾತ್ರ ಹೊರಗೆ ಹೋಗುವ ದಾರಿ ನೋಡುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ, ಐದನೆಯ ತಿಂಗಳಲ್ಲಿ, ನನ್ನ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಅದನ್ನು ಹೇಗೆ ಬರೆಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ರಜೆ ಮುಗಿಸಿ ಕೆಲಸಕ್ಕೆ ಹೋದೆ. ಶನಿವಾರ ಭಾನುವಾರ ಬಂದರೆ ಕೋಣೆಯ ಪರದೆ ಎಳೆದು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದೆ. ಯಾರು ಬಂದರೂ, ಯಾರು ಮಾತಾಡಿಸಿದರೂ ಸಿಡುಕು. ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿತ್ತು. ಆಮೇಲೆ ಅದಕ್ಕೆ ಇಳಿಯುವ ಜಾಗವೂ ಇಲ್ಲವಾಯಿತು. ಆಗ ನಮ್ಮವರು ಒಂದು ಸಂಜೆ ಬಾಗಿಲಲ್ಲಿ ನಿಂತು, "ಎರಡು ಎಕರೆ, ಒಂದು ಆಕಳು ಅಂತಿದ್ದೆಲ್ಲ, ಖರೇನ ಹುಡುಕೂಣೇನು? ಐತಾರಕ್ಕೊಂದು ಊರು ನೋಡಿದ್ರ ಆತು," ಎಂದರು. ಹೂಂ ಎನ್ನದಿದ್ದರೆ ಅವರು ಅಲ್ಲಿಂದ ಕದಲುವುದಿಲ್ಲ ಎಂದು ಹೂಂ ಎಂದೆ.

ಅತ್ತೆಯೂ ಬರುತ್ತೇನೆಂದರು. ಅವರು ರಾಯಚೂರು ಕಡೆಯವರು. ಮದುವೆಯಾಗಿ ಮೂರು ವರ್ಷ ಗಂಡನ ಜೊತೆ ಕಂಡವರ ಹೊಲದಲ್ಲಿ ಕೂಲಿ ಮಾಡಿ, ಆಮೇಲೆ ಇಬ್ಬರೂ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಬಂದವರು. ಮಾವ ಬೇಗ ತೀರಿಕೊಂಡರು. ಅತ್ತೆ ಗಾರೆ ಪುಟ್ಟಿ ಕೆಳಗಿಟ್ಟು ಹಿಮಾಯತ್‌ನಗರದ ಮನೆಗಳಲ್ಲಿ ಅಡುಗೆಗೆ ಹೋದರು. ಮೂವತ್ತು ವರ್ಷ ಅಲ್ಲೇ ರೊಟ್ಟಿ ಬಡಿದು ಮಗನನ್ನು ಓದಿಸಿದರು. ಓದು ಬರಹ ಅವರಿಗೆ ಬಾರದು. ಬಾಯಿ ತೆರೆದರೆ ಮಾತ್ರ ಸ್ವಾರಸ್ಯವೋ ಸ್ವಾರಸ್ಯ.

ಅವರಿಗೆ ಬೇಕಾದದ್ದು ಒಂದೇ. "ಎರಿ ಹೊಲ ಇರಬೇಕು ನೋಡವ್ವ. ಮಂದಿ ಎರಿಯೊಳಗ ಭಾಳ ದುಡಿದೀನಿ. ಒಂದು ಸಲ ನಮ್ಮ ಎರಿಯೊಳಗ ಹಿಂಗಾರಿ ಜೋಳ ಬಿತ್ತಿ, ಆ ಜೋಳದ ರೊಟ್ಟಿ ಬಡದು ನಿಮ್ಮಿಬ್ಬರಿಗೆ ತಿನಿಸಿದ್ನೆಂದ್ರ ಮುಗೀತು."

ನಮ್ಮ ಮೈಸೂರಿನಲ್ಲಿ ಎರೆ ಎಂದರೆ ಎರೆಹುಳು. ಹುಳುಗಳಿರುವ ಮಣ್ಣು ಬೇಕೇನೋ, ಪಾಪ, ಸಾವಯವದ ವಿಚಾರ ಎಲ್ಲೋ ಕೇಳಿರಬೇಕು ಎಂದುಕೊಂಡು, "ಹುಳು ನಾವೇ ತಂದು ಬಿಡಬಹುದು ಅತ್ತೆ," ಎಂದುಬಿಟ್ಟೆ. ಅವರು ನನ್ನನ್ನೇ ನೋಡಿದರು. ನಮ್ಮವರು ಬಿಡಿಸಿ ಹೇಳಿದರು: ಎರೆ ಎಂದರೆ ಕಪ್ಪು ಮಣ್ಣು. ಮಳೆಗಾಲ ಮುಗಿದ ಮೇಲೂ ಒಡಲಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತದೆ, ಆ ತೇವದಲ್ಲೇ ಹಿಂಗಾರಿ ಜೋಳ ಬೆಳೆಯುತ್ತದೆ. ಕೆಂಪು ನೆಲಕ್ಕೆ ಅವರ ಕಡೆ ಮಸಾರಿ ಎನ್ನುತ್ತಾರೆ. ಅದರಲ್ಲಿ ಆ ಜೋಳ ಏಳುವುದಿಲ್ಲ. ನಾನು ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಊರು, ದೂರ, ಮಣ್ಣು, ನೀರು, ಕರೆಂಟು, ಆಸ್ಪತ್ರೆ ಎಂದು ಕಾಲಂ ಎಳೆದು, ಕೊನೆಯಲ್ಲಿ ಅಭ್ಯಾಸಬಲದಿಂದ 'ತಪ್ಪು' ಎಂದು ಇನ್ನೊಂದು ಕಾಲಂ ಹಾಕಿದೆ. ಆ ಕೊನೆಯ ಕಾಲಂ ಪೂರ್ತಿ ಅತ್ತೆಯ ಪಾಲಾಯಿತು.

ಅವರ ಐತಾರ ಎಂದರೆ ನಮ್ಮ ಭಾನುವಾರ. ಅವತ್ತು ಬೆಳಿಗ್ಗೆ ಅತ್ತೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ಹಳೆಯ ಮಾರುತಿಯ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಶಂಕರಪಲ್ಲಿ, ಚೇವೆಳ್ಳ, ವಿಕಾರಾಬಾದು, ಸದಾಶಿವಪೇಟೆ, ಹೀಗೆ ಪಡುವಣ ದಿಕ್ಕಿನ ದಾರಿಗಳನ್ನು ಒಂದೊಂದಾಗಿ ಹಿಡಿದೆವು. ಮೊದಲ ಊರಲ್ಲಿ ಮಣ್ಣು ನೋಡುವ ಮೊದಲೇ ಅತ್ತೆ ತಲೆ ಆಡಿಸಿದರು. "ಊರಾಗಿನ ನಾಯಿ ಬಡಕಲು ಅದಾವ. ಮಂದಿ ಉಂಡು ಒಂದು ತುತ್ತೂ ಮಿಗಂಗಿಲ್ಲಂತ ಆತು. ಬ್ಯಾಡ." ಎರಡನೆಯ ಊರಿನ ಬಾವಿಯ ಅಂಚಿಗೆ ಬೆರಳಾಡಿಸಿ, "ಹಗ್ಗ ಜಗ್ಗಿದ ಗೆರಿನೇ ಇಲ್ಲ. ಬ್ಯಾಸಿಗ್ಯಾಗ ಈ ಬಾವ್ಯಾಗ ನೀರು ಇರಂಗಿಲ್ಲ," ಎಂದರು. ಮೂರನೆಯ ಊರಲ್ಲಿ ಗಂಟೆಗಟ್ಟಲೆ ನಿಂತರೂ ಯಾರೂ ಒಂದು ಚೊಂಬು ನೀರು ಬೇಕೇ ಎಂದು ಕೇಳಲಿಲ್ಲವಂತೆ. ನಾಲ್ಕನೆಯದರಲ್ಲಿ ಸುತ್ತ ಬರೀ ಬಣ್ಣ ಬಳಿದ ಕಲ್ಲುಗಳು, ಸೈಟು ಮಾರುವವರ 'ವೆಂಚರ್' ಬೋರ್ಡುಗಳು. ಇನ್ನೆರಡು ವರ್ಷಕ್ಕೆ ಇದೂ ಮಣಿಕೊಂಡವೇ ಆಗುತ್ತದೆ ಎಂದು ನಾನೇ ಒಪ್ಪಿಕೊಂಡೆ. ಐದನೆಯ ಊರಿನ ಹೊಲದ ಒಡೆಯ ಬಹಳ ಸಿಹಿಯಾಗಿ ಮಾತಾಡಿದ್ದೇ ತಪ್ಪಾಯಿತು. ಎಂಟನೆಯದು ನಿಜವಾದ ಎರೆ, ಕಪ್ಪೆಂದರೆ ಕಪ್ಪು. ಆದರೆ ಮಳೆ ಬಂದರೆ ಆ ಹೊಲದಲ್ಲಿ ನೀರು ನಿಲ್ಲುತ್ತದಂತೆ.

"ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ," ಎಂದು ನಾನು ಮುಂದಿನ ಸೀಟಿನಲ್ಲಿ ಗೊಣಗಿದರೆ, "ನೆಲ ಡೊಂಕಿದ್ರ ಡೊಂಕು ಅನ್ನಬೇಕಲ್ಲೇನು?" ಎಂದು ಹಿಂದಿನಿಂದ ಉತ್ತರ ಬರುತ್ತಿತ್ತು.

ಹನ್ನೆರಡನೆಯ ಊರಿನಲ್ಲಿ ನನ್ನ ತಾಳ್ಮೆ ಕೆಟ್ಟಿತು. ಚೇವೆಳ್ಳದಿಂದ ಆಚೆ, ಒಳ್ಳೆಯ ಜಾಗ. ಕಪ್ಪು ಮಣ್ಣು, ನೀರು, ಹೊಲದವರೆಗೂ ರಸ್ತೆ. ಅತ್ತೆ ಒಂದು ಸುತ್ತು ಹಾಕಿ ಬಂದು, "ಬದುವಿನ ಮ್ಯಾಲ ಒಂದೂ ಬೇವಿನ ಗಿಡ ಇಲ್ಲಲ್ಲ," ಎಂದರು. ನಾನು ಹೊಲದ ನಡುವೆ ನಿಂತು ಕೂಗಿದೆ. "ನಿಮಗೆ ಹೊಲ ಬೇಕಾಗಿಲ್ಲ ಅತ್ತೆ, ತಪ್ಪು ಬೇಕಾಗಿದೆ! ನೀವು ಎಲ್ಲಿಗೂ ಹೋಗೋಕೆ ಬಿಡಲ್ಲ. ಸಾಕು, ಇನ್ಮೇಲೆ ನಾನು ಬರಲ್ಲ!" ಅತ್ತೆ ರೊಟ್ಟಿಯ ಗಂಟನ್ನು ಬಿಚ್ಚದೆ ಹಾಗೇ ಕಾರಿನಲ್ಲಿಟ್ಟರು. ಬೇವಿನ ಗಿಡವನ್ನು ನೆಟ್ಟರಾಯಿತಲ್ಲ ಎಂದು ನಮ್ಮವರು ಒಂದು ಮಾತು ಆಡಿ, ನನ್ನ ಮುಖ ನೋಡಿ ಕಾರು ಶುರು ಮಾಡಿದರು.

ಮುಂದಿನ ಭಾನುವಾರ ಯಾರೂ ಎಲ್ಲಿಗೂ ಹೋಗಲಿಲ್ಲ. ನಾನು ಪರದೆ ಎಳೆದು ಮಲಗಿದೆ. ಅದರ ಮುಂದಿನ ಭಾನುವಾರವೂ ಹಾಗೆಯೇ. ಬಾಚಣಿಗೆ ಮೇಜಿನ ಮೇಲೆ ಇಟ್ಟಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಅತ್ತೆ ಕೋಣೆಗೆ ಬಂದು ಪರದೆ ಸರಿಸಿದರು. "ತಂಗಿ, ತಪ್ಪಾತು ನಂದು. ಈ ಸಲ ಊರು ನೀನ ಹುಡುಕು. ಎರಿ ಒಂದಿದ್ರ ಸಾಕು, ನಾ ಮತ್ತೊಂದು ಮಾತು ಆಡಂಗಿಲ್ಲ." ನನಗಿಂತ ಮೂವತ್ತು ವರ್ಷ ದೊಡ್ಡವರು, ನನ್ನ ಹಾಸಿಗೆಯ ಅಂಚಿನಲ್ಲಿ ಕೂತು ತಪ್ಪಾಯಿತು ಎನ್ನುತ್ತಿದ್ದಾರೆ. ನನಗೆ ನಾಚಿಕೆಯಾಯಿತು. ಇವರಿಗೆ ಎರೆ ಹುಡುಕಿ ಕೊಡದಿದ್ದರೆ ನಾನು ಸೊಸೆಯೇ ಅಲ್ಲ ಎಂದು ಮನಸ್ಸಿನಲ್ಲೇ ಹಟ ತೊಟ್ಟೆ.

ಅವತ್ತಿನಿಂದ ಎದುರು ಮನೆಯವರ ತೆಲುಗು ಪೇಪರು ಕೇಳಿ ತರಲು ಶುರು ಮಾಡಿದೆ. ಆಫೀಸಿನಲ್ಲಿ ಇಂಗ್ಲಿಷು, ಆಟೋದಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ಹೀಗಾಗಿ ನಾಲ್ಕು ವರ್ಷದಲ್ಲಿ ನಾನು ಕಲಿತ ತೆಲುಗು ತರಕಾರಿ ಗಾಡಿಯನ್ನು ದಾಟಿರಲಿಲ್ಲ. ಆದರೆ ಅಕ್ಷರ ನಮ್ಮವೇ ಅಲ್ಲವೇ, ತಲೆಕಟ್ಟು ಮಾತ್ರ ಬೇರೆ. ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ಜಾಹೀರಾತಿನ ಪುಟದ ಮೇಲೆ ಬೆರಳು ಇಟ್ಟುಕೊಂಡು ಹೋಗುತ್ತಿದ್ದೆ. ಶನಿವಾರ ಬೆಳಿಗ್ಗೆ ಬೆರಳು ನಿಂತಿತು. ವಿಕಾರಾಬಾದಿನ ಹತ್ತಿರ ಎರಡು ಎಕರೆ. ಮುಂದೆ ಎರಡು ಪದ: ಎರ್ರ ನೇಲ.

"ಅತ್ತೇ!" ಎಂದು ಕೂಗಿಕೊಂಡೆ. "ಸಿಕ್ಕಿತು! ನಿಮ್ಮ ಎರೆ ನೆಲ! ಇಲ್ಲೇ ಬರೆದಿದೆ ನೋಡಿ, ಎರ್ರ ನೇಲ!"

ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ನಾವು ಎರೆ ಎಂದು ಬರೆಯುತ್ತೇವೆ, ಅತ್ತೆ ಎರಿ ಎನ್ನುತ್ತಾರೆ, ಇವರು ಎರ್ರ ಎನ್ನುತ್ತಾರೆ. ಒಂದೊಂದು ಊರಿನ ಬಾಯಲ್ಲಿ ಒಂದೊಂದು ರೀತಿ. ಅತ್ತೆ ಮೊರದಲ್ಲಿ ಜೋಳ ಆರಿಸುತ್ತ ಕೂತಿದ್ದರು. ಅವರ ಕೈ ನಿಂತಿತು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಆಗಲೇ ಫೋನು ಮಾಡಿ, ನನಗೆ ಬರುವ ಮೂರು ತೆಲುಗು ಮಾತಿನಲ್ಲಿ, "ಎರ್ರ ನೇಲಾ? ನಿಜಂಗಾ? ಎರ್ರ?" ಎಂದು ಕೇಳುತ್ತಿದ್ದೆ. ಆ ಕಡೆಯ ರೈತ, "ಎರ್ರ ನೇಲೇನಮ್ಮಾ, ಬಂಗಾರಂ!" ಎಂದು ಹೇಳುತ್ತಿದ್ದ. ಫೋನಿಟ್ಟು ನಾನು ನಕ್ಕೆ, ಮೊರದ ಪಕ್ಕ ಕೂತು ಅತ್ತೆಯ ಭುಜ ಹಿಡಿದು ಕುಲುಕಿದೆ. "ಛಲೋ ಆತವ್ವ. ಹೋಗಿ ನೋಡೂಣೇಳು," ಎಂದರು ಅತ್ತೆ. ಸಂಜೆ ನಮ್ಮವರು ಬಂದಾಗ ಎರೆ ನೆಲ ಸಿಕ್ಕಿದೆ ಎಂದು ಕನ್ನಡದಲ್ಲೇ ಹೇಳಿದ್ದರಿಂದ ಅವರಿಗೂ ಏನೂ ಗೊತ್ತಾಗಲಿಲ್ಲ.

ಮಾರನೆಯ ದಿನ, ಆ ಹದಿಮೂರನೆಯ ಊರಿನಲ್ಲಿ, ಹೊಲದ ಮುಂದೆ ಕಾರು ನಿಂತಾಗ ನನಗೆ ಕಂಡದ್ದು ಕೆಂಪು. ಬದು ಕೆಂಪು, ಸಾಲು ಕೆಂಪು, ರೈತನ ಕಾಲಿಗೆ ಮೆತ್ತಿಕೊಂಡ ಧೂಳೂ ಕೆಂಪು. ದಾರಿ ತಪ್ಪಿ ಬೇರೆ ಹೊಲಕ್ಕೆ ಬಂದಿದ್ದೇವೆ ಎಂದುಕೊಂಡೆ. ಆತ ಇದೇ ಎಂದ. ಸರಿ, ನನ್ನ ಕೋಪ ನೆತ್ತಿಗೇರಿತು. ಕನ್ನಡ, ಹಿಂದಿ, ಇಂಗ್ಲಿಷು ಎಲ್ಲ ಕಲಸಿ, ಫೋನಿನಲ್ಲಿ ಎರೆ ಎಂದು ಸುಳ್ಳು ಹೇಳಿದ್ದು ಯಾಕೆ ಎಂದು ದಬಾಯಿಸಿದೆ. ಆತ ದಿಕ್ಕು ತೋಚದೆ ಒಂದು ಹಿಡಿ ಮಣ್ಣೆತ್ತಿ ನನ್ನ ಮುಂದೆ ಹಿಡಿದು, "ಎರ್ರನೇ ಕದಮ್ಮಾ! ಎರ್ರನೇ ಕದಾ!" ಎನ್ನುತ್ತಾನೆ.

ನಮ್ಮವರು ಬದುವಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ತೆಲುಗಿನಲ್ಲಿ ಎರ್ರ ಎಂದರೆ ಕೆಂಪು. ಆ ಮನುಷ್ಯ ಹೇಳಿದ್ದು ಅಪ್ಪಟ ಸತ್ಯ.

ನಾನು ನಾಚಿಕೆಯಿಂದ ನಿಂತಲ್ಲೇ ಕುಗ್ಗಿಹೋದೆ. ಆಗ ಅತ್ತೆ ಮುಂದೆ ಬಂದರು. ನಮ್ಮ ಹುಡುಗಿ ಈ ಕಡೆಯವಳಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಆತನಿಗೆ ಸಮಾಧಾನ ಹೇಳಿದರು. ಮಳೆ ಹೇಗೆ, ಬೋರು ಎಷ್ಟು ಆಳ, ಮನೆಯಲ್ಲಿ ಎಷ್ಟು ಜನ ಎಂದೆಲ್ಲ ವಿಚಾರಿಸಿದರು. ಎಲ್ಲವೂ ತೆಲುಗಿನಲ್ಲಿ. ಒಂದು ಕಡೆಯೂ ತಡವರಿಸದ, ನೀರು ಕುಡಿದ ಹಾಗಿನ ತೆಲುಗು. ಆಮೇಲೆ ನನ್ನ ಕಡೆ ತಿರುಗಿ, "ನೆಲ ಛಲೋ ಐತಿ ತಂಗಿ. ನೀರೈತಿ, ಬೇವಿನ ಗಿಡ ಐತಿ. ಇದನ್ನ ತಗೊಳ್ರಿ," ಎಂದರು. ಹನ್ನೆರಡು ಊರುಗಳಲ್ಲಿ ಒಂದು ಸಲವೂ ಅವರ ಬಾಯಿಂದ ಬಾರದ ಮಾತು. ಇಲ್ಲಿ ಒಂದು ತಪ್ಪೂ ಇರಲಿಲ್ಲ.

ಫೋನು ಮಾಡುತ್ತೇವೆ ಎಂದು ಆತನಿಗೆ ಹೇಳಿ ಹೊರಟೆವು. ಸ್ವಲ್ಪ ದೂರ ಬಂದ ಮೇಲೆ ನನ್ನ ತಲೆಯಲ್ಲಿ ಎರಡು ಎಳೆ ಒಂದಾದವು. ಮೂವತ್ತು ವರ್ಷ ಹಿಮಾಯತ್‌ನಗರದ ಅಡುಗೆಮನೆಗಳಲ್ಲಿದ್ದವರು. ಕೆಂಪು ಮೆಣಸಿನಕಾಯಿಯನ್ನೂ ಕೆಂಪು ಸೀರೆಯನ್ನೂ ದಿನಾ ಆ ಭಾಷೆಯಲ್ಲೇ ಕೇಳಿದವರು. ನಾನು ನಡುಮನೆಯಲ್ಲಿ ನಿಂತು ಎರ್ರ, ಎರ್ರ ಎಂದು ಕುಣಿಯುತ್ತಿದ್ದಾಗ ಪಕ್ಕದಲ್ಲೇ ಜೋಳ ಆರಿಸುತ್ತಿದ್ದವರು.

"ನಿಮಗೆ ನಿನ್ನೆಯೇ ಗೊತ್ತಿತ್ತು," ಎಂದು ಹಿಂದಕ್ಕೆ ತಿರುಗಿದೆ.

ಅತ್ತೆ ಕಿಟಕಿಯ ಆಚೆ ನೋಡಿದರು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅತ್ತೆ? ಅಷ್ಟು ದೂರ ಬಂದು, ನಾನು ಆ ಮನುಷ್ಯನ ಮೇಲೆ ಕೂಗಾಡಿ..."

"ಹ್ಯಾಂಗ ಹೇಳಲೆವ್ವ?" ಎಂದರು. "ಬ್ಯಾಸಿಗಿಯಿಂದ ನೀ ನಕ್ಕಿದ್ದಿಲ್ಲ. ನಿನ್ನೆ ನಕ್ಕಿ. ಅದು ಎರಿ ಅಲ್ಲ, ಕೆಂಪು ಅಂತ ನನ್ನ ಬಾಯಿಲೆ ಹ್ಯಾಂಗ ಹೇಳಲಿ? ಕೆಂಪಿದ್ರ ಕೆಂಪಿರಲಿ, ಇದನ್ನ ತಗೊಂಡ್ರಾತು ಅಂದ್ಕೊಂಡೆ."

ನಮ್ಮವರ ನಗು ನಿಂತುಹೋಗಿತ್ತು. ತಪ್ಪು ಹುಡುಕುವವಳಲ್ಲವೇ, ನನಗೆ ಇನ್ನೊಂದು ಪ್ರಶ್ನೆ ಬಂತು. "ಹಾಗಾದರೆ ಆ ಹನ್ನೆರಡು ಊರು? ಆ ಬಡಕಲು ನಾಯಿ, ಆ ಬಾವಿ, ಆ ಬೇವಿನ ಗಿಡ?"

"ಬಾವಿ ಖರೇ," ಎಂದರು ಅತ್ತೆ. "ನಾಯಿ ಸುಳ್ಳು."

"ಬೇವಿನ ಗಿಡ?"

"ಅದೂ ಸುಳ್ಳ." ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಅವರು ಮೆಲ್ಲಗೆ ಹೇಳಿದರು: "ಐತಾರ ಬಂತಂದ್ರ ನೀ ಏಳು ಗಂಟೆಕ್ಕ ಎದ್ದು ಜಳಕ ಮಾಡಿ ತಲಿ ಬಾಚಿಕೊಂತಿದ್ದಿ. ನನ್ನ ಕೂಡ ಜಗಳಾಡಿ ಎರಡು ರೊಟ್ಟಿ ಹೆಚ್ಚು ತಿಂತಿದ್ದಿ. ಹೊಲ ಸಿಕ್ಕು ರಿಜಿಸ್ಟ್ರಿ ಆಗಿಬಿಟ್ರ ನೀ ಮತ್ತ ಆ ಕ್ವಾಣಿ ಸೇರತಿ ಅಂತ ಅಂಜಿಕಿ ಆತು ನನಗ. ನಾನೂ ಎರಡು ಕೂಸು ಕಳಕೊಂಡಾಕಿ ತಂಗಿ. ಕ್ವಾಣಿ ಹ್ಯಾಂಗಿರತೈತಿ ನನಗ ಗೊತ್ತೈತಿ."

ಈ ಮಾತು ನಮ್ಮವರಿಗೂ ಅವತ್ತಿನವರೆಗೆ ತಿಳಿದಿರಲಿಲ್ಲ. ಅವರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ನಾನು ಮುಂದಿನ ಸೀಟಿನಿಂದ ಇಳಿದು ಹಿಂದೆ ಹೋಗಿ ಅತ್ತೆಯ ಪಕ್ಕ ಕೂತು, ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆಸ್ಪತ್ರೆಯಿಂದ ಬಂದ ದಿನದಿಂದ ಯಾರ ಮುಂದೆಯೂ ಅಳದೆ ಉಳಿಸಿಕೊಂಡಿದ್ದೆಲ್ಲ ಅಲ್ಲಿ ಖಾಲಿಯಾಯಿತು. ಅವರ ಸೀರೆಯಲ್ಲಿ ರೊಟ್ಟಿಯ ಹಿಟ್ಟಿನ ವಾಸನೆ ಇತ್ತು. ಅವರು ನನ್ನ ಬೆನ್ನಿನ ಮೇಲೆ ಕೈಯಾಡಿಸುತ್ತ ಕೂತಿದ್ದರು.

ಅಳು ಮುಗಿದ ಮೇಲೆ ನಾನು ಎದ್ದು ಕೂತು ಹೇಳಿದೆ. "ಆ ಕೆಂಪು ಹೊಲ ಬೇಡ. ಅದರ ಬದು ಸೊಟ್ಟ ಇದೆ."

"ಎಲ್ಲಿ ಸೊಟ್ಟ ಐತಿ? ನೆಟ್ಟಗ ಐತೆಲ್ಲ!"

"ನಾನು ಸೊಟ್ಟ ಅಂದೆ ಅಂದರೆ ಸೊಟ್ಟ. ನಿಮಗೆ ಎರೆ ಸಿಗೋವರೆಗೆ ಹುಡುಕೋಣ." ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಮ್ಮವರು ಗಾಡಿ ಶುರು ಮಾಡಿದರು.

ಹದಿನಾಲ್ಕನೆಯ ಊರು ಜಹೀರಾಬಾದನ್ನೂ ದಾಟಿ, ಬೀದರಿನ ಗಡಿಗೆ ಇನ್ನೇನು ಸ್ವಲ್ಪ ಈಚೆ. ಹೈದರಾಬಾದಿಗೆ ಎರಡೂವರೆ ಗಂಟೆಯ ದಾರಿ. ದೂರವಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಿಂದಿನ ದಿನ ಮಳೆ ಬಂದಿತ್ತು. ಬಾವಿಯ ಅಂಚಿನ ಕಲ್ಲಿನಲ್ಲಿ ಬೆರಳು ಹಿಡಿಯುವಷ್ಟು ಆಳದ ಹಗ್ಗದ ಗೆರೆಗಳಿದ್ದವು. ಒಬ್ಬ ಹೆಂಗಸು ಚೊಂಬಿನಲ್ಲಿ ನೀರು ತಂದು ಕೊಟ್ಟು, ಮೊದಲು ತೆಲುಗಿನಲ್ಲಿ, ನಮ್ಮ ಮಾತು ಕೇಳಿಸಿಕೊಂಡ ಮೇಲೆ ಕನ್ನಡದಲ್ಲಿ, ಎಲ್ಲಿಂದ ಬಂದಿರಿ ಎಂದು ಕೇಳಿದಳು. ಅತ್ತೆ ಹೊಲಕ್ಕೆ ಇಳಿದರು. ನಾಲ್ಕು ಹೆಜ್ಜೆ ಹಾಕಿದ್ದರೋ ಇಲ್ಲವೋ, ಎಡಗಾಲಿನ ಚಪ್ಪಲಿಯನ್ನು ಮಣ್ಣು ಹಿಡಿದುಕೊಂಡುಬಿಟ್ಟಿತು. ಕಾಲು ಮೇಲೆ ಬಂತು, ಚಪ್ಪಲಿ ಬರಲಿಲ್ಲ. ಕಪ್ಪು, ಅಂಟು, ಗಟ್ಟಿ ಮಣ್ಣು.

"ನೋಡಿದೇನು? ಇದಕ್ಕ ಎರಿ ಅಂತಾರ," ಎಂದರು ಅತ್ತೆ. ಬರಿಗಾಲಿನಲ್ಲೇ ಹೊಲದ ಆ ತುದಿಯವರೆಗೆ ಹೋಗಿ ಬಂದರು. ಬರುವಾಗ ಮೊಣಕಾಲಿನವರೆಗೂ ಕಪ್ಪಾಗಿದ್ದರು. ನಾನು ಪೆನ್ನು ತೆಗೆದು ಕೊನೆಯ ಕಾಲಂ ಮೇಲೆ ಇಟ್ಟುಕೊಂಡೆ. "ಹೇಳಿ ಅತ್ತೆ. ಏನು ತಪ್ಪು?"

ಅವರು ಸುತ್ತ ನೋಡಿದರು. ಬದುವಿನ ಮೇಲೆ ಒಂದಲ್ಲ, ಎರಡು ಬೇವಿನ ಗಿಡಗಳಿದ್ದವು.

"ಒಂದು ಐತಿ," ಎಂದರು. "ಇನ್ನ ಮುಂದ ಐತಾರ ನಾವು ಎಲ್ಲಿಗೆ ಹೋಗೂದು?"

ನನ್ನ ಕಣ್ಣು ಮಂಜಾಯಿತು. ಬಗ್ಗಿ, ಎರಡೂ ಕೈಯಿಂದ ಎಳೆದು ಅವರ ಚಪ್ಪಲಿಯನ್ನು ಮಣ್ಣಿನಿಂದ ಬಿಡಿಸಿದೆ. ಆಮೇಲೆ ಅವರು ಹೇಳಿದ್ದನ್ನೇ ಆ ಕಾಲಂನಲ್ಲಿ ಬರೆದೆ. ಆ ನೋಟ್‌ಬುಕ್ಕು ನನ್ನ ಹತ್ತಿರ ಇನ್ನೂ ಇದೆ, ಪುಟದ ತುಂಬ ಕಪ್ಪು ಬೆರಳಚ್ಚು.

ಮುಂದಿನ ಹಿಂಗಾರಿಗೆ ಅತ್ತೆ ಅಲ್ಲಿ ಜೋಳ ಬಿತ್ತಿದರು, ರೊಟ್ಟಿ ಬಡಿದು ತಿನ್ನಿಸಿದರು. ನಾವು ಅಲ್ಲಿಯೇ ನೆಲೆಯಾದೆವು. ಮನೆಗೆ ಆಕಳು ಬಂತು, ಕೋಳಿ ಬಂದವು. ಮಗು ಬರಲಿಲ್ಲ. ಆ ದುಃಖ ಹೋಗಿದೆ ಎಂದು ಹೇಳಲಾರೆ, ಆದರೆ ಪರದೆ ಎಳೆದುಕೊಂಡು ಮಲಗುವ ಕೋಣೆಯೊಂದು ಈ ಮನೆಯಲ್ಲಿ ಇಲ್ಲ.

ಆದರೆ ಕೊನೆಯ ಕಾಲಂನಲ್ಲಿ ಬರೆದ ತಪ್ಪನ್ನು ಸರಿಪಡಿಸದೆ ಬಿಡುವುದು ನನ್ನ ಜಾಯಮಾನವಲ್ಲ. ಅತ್ತೆಗೆ ಈಗ ಎಂಬತ್ತರ ಹತ್ತಿರ. ಮೊಣಕಾಲು ನೋವು, ಒಂದು ಕಿವಿ ಮಂದ. ಆದರೂ ಭಾನುವಾರ ಬೆಳಿಗ್ಗೆ ಅವರು ರೊಟ್ಟಿಯ ಗಂಟು ಕಟ್ಟುತ್ತಾರೆ, ನಾನು ಏಳು ಗಂಟೆಗೆ ತಲೆ ಬಾಚಿಕೊಳ್ಳುತ್ತೇನೆ, ನಮ್ಮವರು ಗಾಡಿ ತೆಗೆಯುತ್ತಾರೆ. ಯಾವುದಾದರೂ ಊರಿಗೆ ಹೋಗಿ ಮಾರಾಟಕ್ಕಿರುವ ಹೊಲ ನೋಡಿಕೊಂಡು ಬರುತ್ತೇವೆ. ಕೊಳ್ಳುವ ಉದ್ದೇಶ ನಮಗೆ ಇಲ್ಲವೆಂದು ಸುತ್ತಲಿನ ಊರುಗಳಿಗೆಲ್ಲ ಗೊತ್ತಾಗಿಬಿಟ್ಟಿದೆ. ಬಂದರು ನೋಡಿ ಎಂದು ನಗುತ್ತಾ ನೀರು ಕೊಡುತ್ತಾರೆ. ಕಳೆದ ವಾರ ನೋಡಿದ ಊರು ಅತ್ತೆಗೆ ಹಿಡಿಸಲಿಲ್ಲ. ಅಲ್ಲಿನ ನಾಯಿ ಬಡಕಲಂತೆ.